ಗೇರಿಗೆ ಗೊಬ್ಬರ ಹಾಕುವ ಮುಂಚೆ ಎಳೆಬೇರು ನೋಡಿ

ಗೋವಾದ ಸತ್ತರಿ, ಕಾಣಕೋಣ ಕಡೆಯ ಗೇರು ತೋಟಗಳಲ್ಲಿ ದುಡಿಯುವ ನಮ್ಮ ಖಾನಾಪುರ, ಹಳಿಯಾಳದವರು ಮಳೆಗಾಲ ಹತ್ತಿರ ಬಂದಾಗ ಕೇಳುವುದು ಒಂದೇ ಮಾತು: "ಸರ, ಗೊಬ್ಬರ ಬುಡಕ್ಕ ಹಾಕಿದ್ರ ಗಿಡಕ್ಕ ಲಗೂ ಹತ್ತತೈತಿ, ಅಲ್ರಿ?" ಹತ್ತುವುದಿಲ್ಲ. ಬುಡದ ಹತ್ತಿರ ಇರುವುದು ಹೆಚ್ಚಾಗಿ ದಪ್ಪ ಬೇರು. ಅದರ ಕೆಲಸ ಮರವನ್ನು ಹಿಡಿದು ನಿಲ್ಲಿಸುವುದು, ನೀರು ಸಾಗಿಸುವುದು. ಹೀರುವುದೆಲ್ಲ 2 ಮಿಲಿಮೀಟರಿಗಿಂತ ತೆಳ್ಳಗಿನ ಎಳೆಬೇರು.

ಅದನ್ನು ಒಮ್ಮೆ ಕಣ್ಣಾರೆ ನೋಡಿ. ಬುಡದಿಂದ ಒಂದೂವರೆ ಮೀಟರ್ ದೂರದಲ್ಲಿ ಕುರ್ಪಿಯಿಂದ ಗೇಣುದ್ದ ಅಗೆಯಿರಿ. ಸಿಕ್ಕ ಹೆಂಟೆಯನ್ನು ಬಕೆಟ್ ನೀರಿನಲ್ಲಿ ನೆನೆಸಿ, ಬೆರಳಿನಿಂದ ಮೆಲ್ಲಗೆ ಮಣ್ಣು ಬಿಡಿಸಿ. ತುದಿ ಬೆಳ್ಳಗಿದ್ದು, ಬಗ್ಗಿಸಿದರೆ ಬಾಗಿದರೆ ಬೇರಿಗೆ ಜೀವ ಇದೆ. ಕಪ್ಪಾಗಿ, ಎಳೆದ ಕೂಡಲೇ ಸಿಪ್ಪೆ ಕಳಚಿ ನಡುವಿನ ನಾರು ಮಾತ್ರ ಕೈಗೆ ಬಂದರೆ ಸತ್ತಿದೆ. ಅಲ್ಲೊಂದು ಇಲ್ಲೊಂದು ಸತ್ತದ್ದು ಕಂಡರೆ ಗಾಬರಿ ಬೇಡ. ಎಳೆಬೇರಿನ ಆಯುಸ್ಸೇ ಕಡಿಮೆ. ಹಳೆಯದು ಸಾಯುತ್ತಾ ಹೊಸದು ಬರುತ್ತಲೇ ಇರುತ್ತದೆ.

ಈ ಹೊಸ ಬೇರು ಪುಕ್ಕಟೆ ಬರುವುದಿಲ್ಲ. ಎಲೆ ತಯಾರಿಸಿದ ಸಕ್ಕರೆ ಕೆಳಗಿಳಿಯಬೇಕು. ಸಾರಜನಕ ಸುಲಭಕ್ಕೆ ಸಿಕ್ಕರೆ ಮರ ಆ ಸಕ್ಕರೆಯನ್ನು ಚಿಗುರಿಗೆ, ಕಾಂಡಕ್ಕೆ ಜಾಸ್ತಿ ಸುರಿಯುತ್ತದೆ. ಬಡ ಮಣ್ಣಿಗೆ ಗೊಬ್ಬರ ಬಿದ್ದಾಗ ಇಡೀ ಮರವೇ ಬೆಳೆಯುವುದರಿಂದ ಬೇರೂ ಹೆಚ್ಚಬಹುದು, ನಿಜ. ಆದರೆ ಎಲೆಯ ಲೆಕ್ಕಕ್ಕೆ ಬೇರಿನ ಪಾಲು ಸಾಮಾನ್ಯವಾಗಿ ಇಳಿಯುತ್ತದೆ. ಗೋವಾದಲ್ಲಿ ನನ್ನನ್ನು ಕಾಡುವುದು ಇದೇ. ಗೇರು ಹೂ ಬಿಟ್ಟು ಬೀಜ ಕಟ್ಟುವುದು ಮಳೆಯಿಲ್ಲದ ತಿಂಗಳುಗಳಲ್ಲಿ. ಆಗ ಮೇಲೆ ಎಲೆ ದಟ್ಟವಾಗಿದ್ದು ಕೆಳಗೆ ಹೀರುವ ಬೇರು ಸಾಲದಿದ್ದರೆ ಮರ ಬಳಲುತ್ತದೆ. ಎಳೆ ಚಿಗುರಿಗೆ ಟೀ ಸೊಳ್ಳೆ ಎಂಬ ರಸ ಹೀರುವ ತಿಗಣೆಯ ಕಾಟ ಬೇರೆ.

ರಂಜಕವನ್ನೂ ಸುಮ್ನೆ ಹೆಚ್ಚಿಸಬೇಡಿ. ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಕಟ್ಟಿಹಾಕುತ್ತವೆ. ಬೇರು ಮುಟ್ಟದ ಜಾಗದಿಂದ ಅದನ್ನು ತಂದುಕೊಡುವುದು ಬೇರಿನೊಳಗೆ ನೆಲೆಸುವ ಮೈಕೊರೈಜಾ ಎಂಬ ಶಿಲೀಂಧ್ರ. ರಂಜಕ ಅತಿಯಾದರೆ ಬೇರಿನಲ್ಲಿ ಈ ಶಿಲೀಂಧ್ರವೇ ಕಡಿಮೆಯಾಗುತ್ತದೆ.

ಗೊಬ್ಬರ ಬೇಕು, ಅಳತೆ ಮೀರಬಾರದು ಅಷ್ಟೇ. ಐದು ವರ್ಷದ ಮೇಲಿನ ಮರಕ್ಕೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ಶಿಫಾರಸು ವರ್ಷಕ್ಕೆ 500 ಗ್ರಾಂ ಸಾರಜನಕ, 125 ಗ್ರಾಂ ರಂಜಕ, 125 ಗ್ರಾಂ ಪೊಟ್ಯಾಷ್. ಅಷ್ಟು ಸಾರಜನಕಕ್ಕೆ ಯೂರಿಯಾ ಸುಮಾರು 1.1 ಕಿಲೋ ಬೇಕು. ಮುಂಗಾರಿನ ಆರಂಭಕ್ಕೆ ಅರ್ಧ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಅರ್ಧ ಕೊಡಿ. ಜುಲೈನ ಜಡಿಮಳೆಗೆ ಹಾಕಿದರೆ ದುಡ್ಡು ಹಳ್ಳಕ್ಕೆ ಹೋಗುತ್ತದೆ. ಬುಡದಿಂದ ಒಂದೂವರೆ ಮೀಟರ್ ಬಿಟ್ಟು, 15 ಸೆಂಟಿಮೀಟರ್ ಆಳಕ್ಕೆ ಸುತ್ತಲೂ ತೋಡಿ, ಹರಡಿ, ಮಣ್ಣು ಮುಚ್ಚಿ. ಗುಡ್ಡೆ ಹಾಕಿದ ಯೂರಿಯಾ ಎಳೆಬೇರನ್ನು ಸುಡುತ್ತದೆ. ಹರಡಿದ ಕಡೆ ಬೇರು ಕವಲೊಡೆದು ಬರುತ್ತದೆ.

ಬೀಜ ಹೆಕ್ಕಲು ಗುಡಿಸಿದ ತರಗೆಲೆಗೆ ಬೆಂಕಿ ಇಡಬೇಡಿ. ಕೊಯ್ಲು ಮುಗಿದ ಮೇಲೆ ಅದನ್ನೇ ಆ ತೋಡಿನ ಮೇಲೆ ಹೊದಿಸಿ.