ತಾರಾ ಅನ್ನೋ ಹೆಸರು: ಸದ್ದು ಒಂದೇ, ಬೇರು ಬೇರೆ

ಮೊದ್ಲೇ ಹೇಳ್ಬಿಡ್ತೀನಿ, ಈ ಟಾಪಿಕ್ ನಾನು ಸೀರಿಯಸ್ಸಾಗಿ ಓದಿದ್ದು ಇಂಟರ್ನಲ್ಸಲ್ಲಿ ಮಾರ್ಕ್ಸ್ ಹೋದ್ಮೇಲೆ. ಐರ್ಲೆಂಡಲ್ಲೂ ತಾರಾ ಅಂತ ಹೆಸರಿದೆ, ಐರಿಷ್ ಸಂಸ್ಕೃತ ಎರಡೂ ಇಂಡೋ-ಯುರೋಪಿಯನ್ ಅನ್ನೋ ಒಂದೇ ಭಾಷಾ ಕುಟುಂಬದವು, ಹಂಗಾಗಿ ಹೆಸರೂ ಒಂದೇ ಅಂತ ಗೀಚಿ ಬಂದಿದ್ದೆ, ಮೇಷ್ಟ್ರು ಆ ಸಾಲಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ "ಆಧಾರ?" ಅಂತ ಒಂದೇ ಪದ ಬರೆದಿದ್ರು. ನೀವು ಅದೇ ಗುಂಡಿಗೆ ಬೀಳೋದು ಬೇಡ ಅಂತ ಈ ನೋಟ್ಸು.

ನಮಗೆಲ್ಲ ಗೊತ್ತಿರೋ ಅರ್ಥ ನಕ್ಷತ್ರ. ಋಗ್ವೇದದಲ್ಲಿ ನಕ್ಷತ್ರಗಳಿಂದ ಅನ್ನೋಕೆ 'ಸ್ತೃಭಿಃ' ಅಂತ ಬರುತ್ತೆ, ಅಲ್ಲಿ ಮುಂದೆ ಒಂದು ಸಕಾರ ಇದೆ ನೋಡಿ, ಅದು ಬಿದ್ದುಹೋದ ರೂಪವೇ ತಾರಾ. ಆ ಸಕಾರ ಉಳಿಸ್ಕೊಂಡವರು ಗ್ರೀಕರ ಆಸ್ಟೆರ್, ಲ್ಯಾಟಿನ್ನಿನ ಸ್ಟೆಲ್ಲಾ, ಪರ್ಶಿಯನ್ನಿನ ಸಿತಾರಾ, ಇಂಗ್ಲಿಷಿನ ಸ್ಟಾರ್. ಅಂದ್ರೆ ಮಂಗಳೂರು ಕಡೆಯ ಸ್ಟೆಲ್ಲಾ ಬಾಯಿಗೂ ನಮ್ಮ ಬೀದಿಯ ತಾರಾ ಆಂಟಿಗೂ ಹೆಸರಲ್ಲಿ ನಿಜವಾದ ನೆಂಟಸ್ತಿಕೆ ಇದೆ, ಕೇಳೋಕೆ ಮಾತ್ರ ಗೊತ್ತಾಗಲ್ಲ. ಪುರಾಣದಲ್ಲಿ ಬೃಹಸ್ಪತಿ ಹೆಂಡತಿ ತಾರೆ ಚಂದ್ರನ ಜೊತೆ ಹೋಗಿ ಬುಧ ಹುಟ್ಟಿದ ಕತೆ ಇದೆಯಲ್ಲ, ಗುರು, ಚಂದ್ರ, ಬುಧ ಎಲ್ಲ ಆಕಾಶದವರೇ, ಅಲ್ಲಿ ನಕ್ಷತ್ರದ ಅರ್ಥ ಸರಿಯಾಗಿ ಕೂರುತ್ತೆ.

ಇನ್ನೊಂದು ತಾರಾ ಇದಾಳೆ, ಎಲ್ಲರೂ ಕನ್ಫ್ಯೂಸ್ ಆಗೋದು ಇಲ್ಲೇ. ಬೌದ್ಧರ ತಾರಾದೇವಿ ಹೆಸರನ್ನ ಬಿಡಿಸೋದು 'ತೄ' ಧಾತುವಿಂದ, ಧಾತುಪಾಠದಲ್ಲಿ (ಸಂಸ್ಕೃತ ಧಾತುಗಳ ಹಳೇ ಪಟ್ಟಿ) 'ತೄ ಪ್ಲವನತರಣಯೋಃ' ಅಂತಿದೆ, ಅಂದ್ರೆ ತೇಲೋದು, ದಾಟೋದು. ತಾರಾ ಅಂದ್ರೆ ದಾಟಿಸೋಳು. ಇದೇ ಧಾತುವಿಂದ ಬಂದಿದ್ದು ಅವತಾರ (ಕೆಳಗಿಳಿಯೋದು), ತೀರ್ಥ (ಹೊಳೆ ದಾಟೋ ಜಾಗ), ದುಸ್ತರ (ದಾಟೋಕೆ ಕಷ್ಟ). ನನಗೆ ತುಂಬಾ ಇಷ್ಟ ಆಗಿದ್ದು ಉತ್ತೀರ್ಣ, ನಮ್ಮ ಮಾರ್ಕ್ಸ್ ಕಾರ್ಡಲ್ಲಿ ಬರೋ ಪದ, ಅದರ ಮೂಲ ಅರ್ಥ ದಾಟಿ ಆಚೆ ದಡ ಸೇರಿದೋನು ಅಂತ! ಆ ಸಬ್ಜೆಕ್ಟಲ್ಲಿ ನಾನು ಮುಳುಗಿಹೋಗೋ ಹಂಗಿದ್ದೆ, ಅದಕ್ಕೇ ಇರಬೇಕು ನೆನಪಲ್ಲಿ ಉಳಿದಿದ್ದು.

ಈ ದಾಟಿಸೋ ತಾರಾ ನಮ್ಮೂರಲ್ಲೇ ಇದ್ದಳು ಅಂದ್ರೆ ಎಷ್ಟೋ ಜನ ನಂಬಲ್ಲ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಒಂದು ಶಾಸನ ಇದೆ, ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದ್ದು, ಅದರಲ್ಲಿ ಹದಿನಾರು ಜನ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರದ ಜೊತೆಗೆ ಲೊಕ್ಕಿಗುಂಡಿ, ಅಂದ್ರೆ ಈಗಿನ ಲಕ್ಕುಂಡಿಯ ಸಂಗವಯ್ಯ ಸೆಟ್ಟಿ ಕಟ್ಟಿಸಿದ ತಾರಾದೇವಿಯ ವಿಹಾರದ ಮಾತೂ ಬರುತ್ತೆ. ಅದರ ಸ್ತುತಿ ನೋಡಿ: 'ಹರಿಕರಿಶಿಖಿಫಣಿತಸ್ಕರನಿಗಳಜಲಾರ್ಣವಪಿಶಾಚಭಯಶಮನಿ'. ಉಸಿರು ಕಟ್ಟೋ ಅಷ್ಟು ಉದ್ದ ಇದೆ, ಆದ್ರೆ ಬಿಡಿಸಿದ್ರೆ ಸುಲಭ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸಂಕೋಲೆ, ಕಡಲು, ಪಿಶಾಚಿ, ಈ ಎಂಟು ಭಯ ಕಳೆಯೋಳು. ಹೇರು ಹೊತ್ತು ಕಾಡು ದಾಟಿ ಊರೂರು ತಿರುಗೋ ವ್ಯಾಪಾರಿಗಳಿಗೆ ಇನ್ಯಾವ ಭಯ ಇರುತ್ತೆ ಹೇಳಿ, ಸೆಟ್ಟಿಗಳೇ ದುಡ್ಡು ಹಾಕಿ ಕಟ್ಟಿಸಿದ್ದು ಯಾಕೆ ಅಂತ ಇದನ್ನ ಓದಿದ್ರೆ ಗೊತ್ತಾಗುತ್ತೆ ಅನ್ಸುತ್ತೆ ನನಗೆ. ಮುಂದಕ್ಕೆ 'ಶಶಿಕಿರಣಕಾಂತಿಧಾರಿಣಿ' ಅಂತಲೂ ಇದೆ, ಚಂದ್ರನ ಬೆಳಕು ಹೊತ್ತವಳು. ದಾಟಿಸೋ ತಾಯಿಗೆ ಆಕಾಶದ ಬೆಳಕೂ ಅಂಟ್ಕೊಂಡಿದೆ, ಹಾಗಾಗಿ ಎರಡು ಅರ್ಥಕ್ಕೂ ಮಧ್ಯೆ ಗೋಡೆ ಕಟ್ಟಕ್ಕೆ ಹೋಗ್ಬೇಡಿ.

ಆದ್ರೆ ಟಿಬೆಟಿನವರು ಇದನ್ನ ತಮ್ಮ ಭಾಷೆಗೆ ತಂದಾಗ ನಕ್ಷತ್ರ ಬಿಟ್ಟು ಬಿಡುಗಡೆ ಮಾಡೋಳು, ದಾಟಿಸೋಳು ಅನ್ನೋ ಅರ್ಥ ಹಿಡಿದ್ರು, ಹಂಗೆ ಆಗಿದ್ದು ಡೋಲ್ಮಾ. ಟಿಬೆಟಿನವರು ನೆಲೆಸಿರೋ ಬೈಲಕುಪ್ಪೆ ಕಡೆ ಹೋದ್ರೆ ಡೋಲ್ಮಾ ಅನ್ನೋ ಹೆಸರಿನ ಹೆಣ್ಮಕ್ಕಳು ಬೇಕಾದಷ್ಟು ಸಿಗ್ತಾರೆ. ತಾರಾ, ಡೋಲ್ಮಾ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಹಾಜರಿ ಕೂಗಿದ್ರೆ ಒಂದಕ್ಷರನೂ ತಾಳೆ ಆಗಲ್ಲ, ಆದ್ರೂ ಹೆಸರು ಒಂದೇ.

ಈಗ ನನ್ನ ಮಾರ್ಕ್ಸ್ ತಿಂದ ಐರ್ಲೆಂಡು. ಅಲ್ಲಿ ತಾರಾ ಅನ್ನೋದು ಮೂಲದಲ್ಲಿ ಮನುಷ್ಯರ ಹೆಸರೇ ಅಲ್ಲ, ಮೀತ್ ಕೌಂಟಿಯ ಒಂದು ಗುಡ್ಡ, ಹಳೇ ಕಾಲದಲ್ಲಿ ರಾಜರ ಪಟ್ಟಕ್ಕೆ ಸಂಬಂಧಪಟ್ಟ ಜಾಗ, ನಿಜವಾದ ರಾಜ ಮುಟ್ಟಿದ್ರೆ ಕೂಗುತ್ತೆ ಅಂತ ಕತೆ ಇರೋ ಲಿಯಾ ಫಾಲ್ ಕಲ್ಲು ಇರೋದೂ ಅಲ್ಲೇ. ಐರಿಷಲ್ಲಿ ಆ ಗುಡ್ಡದ ಹೆಸರು ತೆವರ್ ಅನ್ನೋ ಥರ ಕೇಳ್ಸುತ್ತೆ, ಅದರ ಷಷ್ಠಿ ವಿಭಕ್ತಿಯ ರೂಪ ಇಂಗ್ಲಿಷರ ಬಾಯಲ್ಲಿ ಸವೆದು ತಾರಾ ಆಯ್ತು. ಅಂದ್ರೆ ನಮ್ಮ ತಾರಾ ಜೊತೆ ಸದ್ದು ತಾಳೆ ಆಗಿದ್ದು ಆಮೇಲೆ, ಹಳೇ ರೂಪ ಇಟ್ಕೊಂಡು ನೋಡಿದ್ರೆ ಹೋಲಿಕೆನೇ ಇಲ್ಲ, ಮೇಷ್ಟ್ರು ಕೇಳಿದ್ದು ಇದನ್ನೇ. ಆಮೇಲೆ 1936ರ 'ಗಾನ್ ವಿತ್ ದಿ ವಿಂಡ್' ಕಾದಂಬರಿಯಲ್ಲಿ ಐರಿಷ್ ಮೂಲದ ಕುಟುಂಬದ ತೋಟಕ್ಕೆ ಈ ಹೆಸರು, 1939ರಲ್ಲಿ ಸಿನಿಮಾನೂ ಬಂತು, ಅಮೆರಿಕದಲ್ಲಿ ಹೆಣ್ಮಕ್ಕಳಿಗೆ ತಾರಾ ಅಂತ ಇಡೋದು ಜೋರಾಗಿದ್ದು ಅದಾದ ಮೇಲೆ.

ನ್ಯೂಜಿಲೆಂಡಿನ ಮಾವೊರಿಗಳಲ್ಲಿ ತಾರಾ ಗಂಡಸು! ವೆಲ್ಲಿಂಗ್ಟನ್ ಬಂದರಿಗೆ ಅವರ ಹೆಸರು ತೆ ಫಾಂಗನುಯಿ ಆ ತಾರಾ, ತಾರಾನ ದೊಡ್ಡ ಬಂದರು ಅಂತ. ಆ ಭಾಷೆಯ ಕುಟುಂಬವೇ ಬೇರೆ, ಆದ್ದರಿಂದ ಇಲ್ಲಿ ನೆಂಟಸ್ತಿಕೆ ಪ್ರಶ್ನೆನೇ ಇಲ್ಲ.

ಪರೀಕ್ಷೆಗೆ ಕೊನೇದಾಗಿ, ತಾರತಮ್ಯ ಈ ಗುಂಪಿಗೆ ಸೇರಲ್ಲ, ಅದು ತರ-ತಮ ಪ್ರತ್ಯಯಗಳಿಂದ ಆಗಿದ್ದು. ಸಿತಾರ್ ವಾದ್ಯಕ್ಕೂ ಸಿತಾರಾಗೂ ಸಂಬಂಧ ಇಲ್ಲ, ಅದು ಪರ್ಶಿಯನ್ನಿನ ಮೂರು ತಂತಿ. ಇನ್ನು ಅಡುಗೆಮನೆ ಡಿಜಿಟಲ್ ತಕ್ಕಡಿಯಲ್ಲಿ ಪಾತ್ರೆ ತೂಕ ಕಳೆಯೋಕೆ ಒತ್ತೋ ಟೇರ್ ಬಟನ್ ಇದೆಯಲ್ಲ, ಇಟಲಿಯವರು ಅದನ್ನ ತಾರಾ ಅಂತಲೇ ಅಂತಾರೆ, ಅದು ಅರಬ್ಬಿಯ 'ಎಸೆದುಬಿಟ್ಟದ್ದು' ಅನ್ನೋ ಪದದಿಂದ ಬಂದಿದ್ದು. ಅದನ್ನೂ ನಕ್ಷತ್ರಕ್ಕೆ ಗಂಟು ಹಾಕಿ ಬರೆದು ಬಂದೀರಿ ಮತ್ತೆ.