ಪದ ಪರಿಚಯ: ‘ಕಮ್ಯೂನಿಕೇಶನ್’ ಮುಗಿಯುವುದು ಯಾವಾಗ?

ಬೆಂಗಳೂರಿನ ಕೆ.ಆರ್. ಸರ್ಕಲ್‌ನಲ್ಲಿ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರರ ಕಚೇರಿಯೊಂದಿದೆ. ವಿಭಾಗದ ಹೆಸರು ‘ಸಂಪರ್ಕ ಮತ್ತು ಕಟ್ಟಡಗಳು’. ಇಲಾಖೆಯವರ ಬಾಯಲ್ಲಿ ಅದು ‘ಸಿ ಅಂಡ್ ಬಿ’, ಆ ‘ಸಿ’ ಅಂದರೆ ಕಮ್ಯೂನಿಕೇಶನ್. ಅಲ್ಲಿ ನಡೆಯುವುದು ರಸ್ತೆ, ಸೇತುವೆಗಳ ಕೆಲಸ. ಭಾರತೀಯ ವಿಜ್ಞಾನ ಸಂಸ್ಥೆಯ ‘ಎಲೆಕ್ಟ್ರಿಕಲ್ ಕಮ್ಯೂನಿಕೇಶನ್ ಎಂಜಿನಿಯರಿಂಗ್’ ವಿಭಾಗದಲ್ಲಿ ಓದುವುದು ಸಿಗ್ನಲ್, ಆಂಟೆನಾ, ಕೋಡಿಂಗ್. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿರುವ ‘ಸಂವಹನ’ ವಿಭಾಗಕ್ಕೆ ಬರುವವರು ಪತ್ರಕರ್ತರಾಗಬೇಕೆಂಬ ಹುಡುಗ ಹುಡುಗಿಯರು. ಮೂರೂ ಕಡೆ ಇಂಗ್ಲಿಷ್ ಪದ ಒಂದೇ, ಕೆಲಸ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದ್ದು.

ನಿಘಂಟು ತೆಗೆದರೆ ಸಂವಹನ, ಸಂಪರ್ಕ, ತಿಳಿಸುವಿಕೆ, ಪತ್ರ ವ್ಯವಹಾರ ಎಂದು ಸಾಲಾಗಿ ಅರ್ಥಗಳು ಸಿಗುತ್ತವೆ. ಯಾವುದು ಎಲ್ಲಿಗೆ ಹೊಂದುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಇದನ್ನು ಬಿಡಿಸಲು ಒಂದು ಪ್ರಶ್ನೆ ಚೆನ್ನಾಗಿ ಕೆಲಸಕ್ಕೆ ಬರುತ್ತದೆ: ಈ ಕ್ಷೇತ್ರದಲ್ಲಿ ಕಮ್ಯೂನಿಕೇಶನ್ ಆಯಿತು ಎಂದು ಒಪ್ಪುವುದು ಯಾವ ಗಳಿಗೆಯಲ್ಲಿ? ದಾರಿ ತೆರೆದಾಗಲೋ, ಕಳಿಸಿದಾಗಲೋ, ತಲುಪಿದಾಗಲೋ, ಅರ್ಥವಾದಾಗಲೋ? ಉತ್ತರ ಕ್ಷೇತ್ರದಿಂದ ಕ್ಷೇತ್ರಕ್ಕೆ ಬೇರೆ, ಕನ್ನಡದ ಪದವೂ ಅದಕ್ಕೆ ತಕ್ಕಂತೆ ಬೇರೆ.

ಪದದ ಬೇರು ಲ್ಯಾಟಿನ್ನಿನ ‘ಕಮ್ಯೂನಿಸ್’, ಅಂದರೆ ಎಲ್ಲರಿಗೂ ಸೇರಿದ್ದು. ನಮ್ಮ ‘ಸಂವಹನ’ದ ಬೇರು ಸಂಸ್ಕೃತದ ‘ವಹ್’ ಧಾತು, ಅಂದರೆ ಹೊರು, ಸಾಗಿಸು. ವಾಹನ, ಪ್ರವಾಹ ಕೂಡ ಅದರ ಮಕ್ಕಳೇ. ಒಂದರ ಒತ್ತು ಹಂಚಿಕೊಳ್ಳುವುದರ ಮೇಲೆ, ಇನ್ನೊಂದರದು ಹೊತ್ತೊಯ್ಯುವುದರ ಮೇಲೆ. ಅನುವಾದದಲ್ಲಿ ಆಗುವ ತೊಡಕಿನ ಒಂದು ಪಾಲು ಇಲ್ಲಿಂದಲೇ ಬರುತ್ತದೆ.

ಲೋಕೋಪಯೋಗಿ ಇಲಾಖೆಯ ಅರ್ಥದಲ್ಲಿ ದಾರಿ ತೆರೆದರೆ ಸಾಕು, ಅದರ ಮೇಲೆ ಏನು ಸಾಗುತ್ತದೆ ಎಂಬುದು ಬೇರೆ ಮಾತು. ಹಳೆಯ ಜಿಲ್ಲಾ ಗೆಜೆಟಿಯರ್‌ಗಳಲ್ಲಿ ರಸ್ತೆ, ರೈಲು ಈ ಹೆಸರಿನಡಿಯೇ ಬರುತ್ತವೆ. ಸೇನೆಯ ಭಾಷೆಯಲ್ಲಿ ‘ಲೈನ್ಸ್ ಆಫ್ ಕಮ್ಯೂನಿಕೇಶನ್’ ಅಂದರೆ ಮುಂಚೂಣಿಗೆ ಮದ್ದುಗುಂಡು, ರೇಷನ್ ಹೋಗುವ ಹಾದಿ. ಕನ್ನಡದಲ್ಲಿ ಇದಕ್ಕೆ ‘ಸಂಪರ್ಕ’ವೇ ಸರಿ. ‘ಸಂಪರ್ಕ ರಸ್ತೆ’ಯನ್ನು ಯಾರೂ ‘ಸಂವಹನ ರಸ್ತೆ’ ಅನ್ನುವುದಿಲ್ಲ.

ಭೌತಶಾಸ್ತ್ರದ ‘ಕಮ್ಯೂನಿಕೇಟಿಂಗ್ ವೆಸೆಲ್ಸ್’ ಈ ಅರ್ಥದ್ದೇ: ತಳದಲ್ಲಿ ಒಂದಕ್ಕೊಂದು ಕೂಡಿಕೊಂಡಿರುವ ಪಾತ್ರೆಗಳು. ಇದನ್ನು ಕಣ್ಣಾರೆ ನೋಡಬೇಕಾದರೆ ನಗರದ ಯಾವುದೇ ಮನೆ ಕಟ್ಟುವ ಸೈಟಿಗೆ ಹೋಗಬಹುದು. ಮೇಸ್ತ್ರಿಯ ಕೈಯಲ್ಲಿ ನೀರು ತುಂಬಿದ ಉದ್ದನೆಯ ಪಾರದರ್ಶಕ ಟ್ಯೂಬ್ ಇರುತ್ತದೆ. ಒಂದು ತುದಿಯನ್ನು ಮೊದಲ ಗೋಡೆಯ ಗುರುತಿಗೆ ಹಿಡಿದು, ಇನ್ನೊಂದನ್ನು ಮತ್ತೊಂದು ಕೋಣೆಯ ಗೋಡೆಗೆ ತರುತ್ತಾರೆ. ನೀರಿನ ಅಲುಗಾಟ ನಿಂತ ಮೇಲೆ ಎರಡೂ ತುದಿಗಳಲ್ಲಿ ನೀರು ಒಂದೇ ಮಟ್ಟದಲ್ಲಿರುತ್ತದೆ, ಅಲ್ಲಿಗೆ ಪೆನ್ಸಿಲ್ ಗೆರೆ. ಗೆರೆ ತಪ್ಪಲು ಕಾರಣಗಳು ಗೊತ್ತಿರುವಂಥವೇ: ಟ್ಯೂಬಿನೊಳಗೆ ಗಾಳಿಗುಳ್ಳೆ ಉಳಿದಿರುತ್ತದೆ, ನಡುವೆ ಎಲ್ಲೋ ಮಡಚಿಕೊಂಡಿರುತ್ತದೆ, ಇಲ್ಲವೇ ಗುರುತು ಹಾಕುವಾಗ ಒಂದು ತುದಿಯ ಮೇಲೆ ಹೆಬ್ಬೆರಳು ಹಾಗೇ ಒತ್ತಿಕೊಂಡಿರುತ್ತದೆ. ಹೆಬ್ಬೆರಳು ಒತ್ತಿದರೆ ಆ ತುದಿಗೆ ಹೊರಗಿನ ಗಾಳಿಯ ಒತ್ತಡ ತಾಕದು, ಮಟ್ಟ ಕೂಡದು. ದಾರಿ ಪೂರ್ತಿ ತೆರೆದಿರಬೇಕು, ಅಷ್ಟೇ ಷರತ್ತು.

ಇದೇ ಅರ್ಥ ಆಸ್ಪತ್ರೆಯ ಕಾಗದಕ್ಕೆ ಬಂದಾಗ ಮನೆಯವರಿಗೆ ಗಾಬರಿ ಹುಟ್ಟಿಸುತ್ತದೆ. ಸ್ಕ್ಯಾನ್ ವರದಿಯಲ್ಲಿ ‘ಕಮ್ಯೂನಿಕೇಟಿಂಗ್ ಹೈಡ್ರೋಕೆಫಲಸ್’ (ಹೈಡ್ರೋಕೆಫಲಸ್ ಅಂದರೆ ಮಿದುಳಿನಲ್ಲಿ ದ್ರವ ಹೆಚ್ಚಾಗಿ ತುಂಬಿಕೊಳ್ಳುವುದು) ಎಂದಿದ್ದರೆ, ರೋಗಿಗೆ ಮಾತಿನ ತೊಂದರೆ ಎಂದು ಓದಿಕೊಳ್ಳಬಾರದು. ದೊಡ್ಡವರ ಮಿದುಳು, ಬೆನ್ನುಹುರಿಯ ಸುತ್ತ ಒಂದು ಹೊತ್ತಿಗೆ ಸುಮಾರು 150 ಮಿ.ಲೀ. ದ್ರವ ಇರುತ್ತದೆ, ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಉತ್ಪತ್ತಿಯಾಗುತ್ತದೆ. ಮಿದುಳಿನೊಳಗಿನ ಕೋಣೆಗಳ ನಡುವಿನ ದಾರಿ, ಅಲ್ಲಿಂದ ಹೊರಬರುವ ದಾರಿ ಎರಡೂ ತೆರೆದಿದ್ದು, ದ್ರವವನ್ನು ರಕ್ತ ಹೀರಿಕೊಳ್ಳುವ ಹಂತದಲ್ಲಿ ತೊಡಕಾಗಿದ್ದರೆ ಅದು ‘ಕಮ್ಯೂನಿಕೇಟಿಂಗ್’. ನಡುದಾರಿಯೇ ಕಟ್ಟಿಕೊಂಡಿದ್ದರೆ ‘ನಾನ್-ಕಮ್ಯೂನಿಕೇಟಿಂಗ್’. ಇನ್ನು ‘ಕಮ್ಯೂನಿಕಬಲ್ ಡಿಸೀಸ್’ ಅಂದರೆ ಒಬ್ಬರಿಂದ ಒಬ್ಬರಿಗೆ ದಾಟುವ ಕಾಯಿಲೆ. ಕನ್ನಡದಲ್ಲಿ ‘ಸಾಂಕ್ರಾಮಿಕ’ ಎಂಬ ಬೇರೆಯದೇ ಪದವಿರುವುದರಿಂದ ನಮಗೆ ಇಲ್ಲಿ ಗೊಂದಲವಿಲ್ಲ.

ಎಂಜಿನಿಯರುಗಳಿಗೆ ತೆರೆದ ದಾರಿ ಸಾಲದು, ಕಳಿಸಿದ್ದು ಕಳಿಸಿದ ಹಾಗೆಯೇ ಆ ಬದಿಯಲ್ಲಿ ಸಿಗಬೇಕು. ಈ ಅರ್ಥಕ್ಕೆ ಗಟ್ಟಿ ರೂಪ ಕೊಟ್ಟವರು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶ್ಯಾನನ್. 1948ರ ಪ್ರಬಂಧದಲ್ಲಿ ಅವರು ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿದರು: ಸಂದೇಶದ ಅರ್ಥ ಏನೆಂಬುದು ಎಂಜಿನಿಯರಿಂಗ್ ಸಮಸ್ಯೆಗೆ ಸಂಬಂಧಿಸಿದ್ದಲ್ಲ. ಪ್ರೇಮಪತ್ರವಾಗಲಿ, ಕರೆಂಟ್ ಬಿಲ್ಲಾಗಲಿ, ತಂತಿಗೆ ಎರಡೂ ಬಿಟ್‌ಗಳೇ, ಅಂದರೆ ಸೊನ್ನೆ-ಒಂದುಗಳ ಸಾಲೇ. ಪ್ರಶ್ನೆ ಒಂದೇ, ಗದ್ದಲವಿರುವ, ಅಂದರೆ ಬೇಡದ ಸಿಗ್ನಲ್ ಬೆರೆಯುವ ಹಾದಿಯಲ್ಲಿ ತಪ್ಪಿಲ್ಲದೆ ಎಷ್ಟು ಸಾಗಿಸಬಹುದು? ಹಳೆಯ ಟೆಲಿಫೋನ್ ಲೈನನ್ನೇ ತೆಗೆದುಕೊಳ್ಳಿ. ಅದು ಸಾಗಿಸುವುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನು, ಅಂದರೆ 3,100 ಹರ್ಟ್ಸ್ ಅಗಲ. ಸಿಗ್ನಲ್ಲಿನ ಶಕ್ತಿ ಗದ್ದಲದ ಸಾವಿರ ಪಟ್ಟು ಇದ್ದರೆ, ಶ್ಯಾನನ್ ಸೂತ್ರದ ಪ್ರಕಾರ ಮಿತಿ ಸೆಕೆಂಡಿಗೆ ಸುಮಾರು 30,900 ಬಿಟ್. ಆ ಮಿತಿಯ ಒಳಗಿದ್ದರೆ ಜಾಣ ಕೋಡಿಂಗ್‌ನಿಂದ, ಅಂದರೆ ಸಂದೇಶವನ್ನು ಬಿಟ್‌ಗಳಾಗಿ ಜೋಡಿಸುವ ಬಗೆಯಿಂದ, ತಪ್ಪನ್ನು ಬೇಕಾದಷ್ಟು ಇಳಿಸಬಹುದು. ಮಿತಿ ಮೀರಿದರೆ ಯಾವ ಕೋಡಿಂಗೂ ಕಾಯದು.

ಶ್ಯಾನನ್ ಕೊಟ್ಟ ಇನ್ನೊಂದು ವಿಚಾರ ದಿನಬಳಕೆಗೆ ನೇರವಾಗಿ ಒದಗುತ್ತದೆ. ಗದ್ದಲವನ್ನು ಗೆಲ್ಲಲು ಇರುವ ಉಪಾಯ ಲೆಕ್ಕ ಹಾಕಿ ಸೇರಿಸಿದ ಪುನರುಕ್ತಿ. ಫೋನಿನಲ್ಲಿ ‘ಇಪ್ಪತ್ತು’, ‘ಎಪ್ಪತ್ತು’ ಇವೆರಡರ ನಡುವೆ ಇರುವುದು ಮೊದಲ ಸ್ವರದ ವ್ಯತ್ಯಾಸ ಒಂದೇ. ಕೆ.ಆರ್. ಮಾರ್ಕೆಟ್ಟಿನ ಗಲಾಟೆಯಲ್ಲಿ ಆ ಸ್ವರ ನುಂಗಿಹೋದರೆ ಲೆಕ್ಕಕ್ಕೆ ಐವತ್ತರ ಪೆಟ್ಟು. ಅದಕ್ಕೇ ‘ಎಪ್ಪತ್ತು, ಏಳು ಸೊನ್ನೆ’ ಅನ್ನಬೇಕು. ಆಸ್ಪತ್ರೆಗಳಲ್ಲಿ ಡಾಕ್ಟರು ಫೋನಿನಲ್ಲಿ ಔಷಧಿ ಹೇಳಿದಾಗ ನರ್ಸ್ ಮೊದಲು ಬರೆದುಕೊಂಡು, ಬರೆದದ್ದನ್ನೇ ಓದಿ ಹೇಳಿ, ಆ ಕಡೆಯಿಂದ ‘ಸರಿ’ ಎನಿಸಿಕೊಳ್ಳಬೇಕು. ಪ್ರಮಾಣವನ್ನು ‘ಹದಿನೈದು, ಒಂದು ಐದು’ ಎಂದು ಎರಡು ರೀತಿ ಹೇಳಬೇಕು. ಕೇಳಿಸಿಕೊಂಡು ‘ಓಕೆ ಸರ್’ ಅಂದರೆ ಸಾಲದು. ಓಕೆ ಅಂದವರಿಗೆ ಏನು ಕೇಳಿಸಿತು ಎಂಬುದು ಆ ಓಕೆಯಲ್ಲಿ ಇರುವುದಿಲ್ಲ.

ಬಾಹ್ಯಾಕಾಶದ ಸುದ್ದಿಗಳಲ್ಲಿ ಬರುವುದು ಈ ಎಂಜಿನಿಯರಿಂಗ್ ಅರ್ಥವೇ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ವ್ಯಾಸದ ಆಂಟೆನಾ ಇದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ತನ್ನ ಕಕ್ಷೆ ಸೇರುವಾಗ ಒಂದು ಬದಿಗೆ ಸಿಗ್ನಲ್ ತಲುಪಲು ಸುಮಾರು ಹನ್ನೆರಡೂವರೆ ನಿಮಿಷ ಬೇಕಿತ್ತು. ಹಾಗಾಗಿ ಎಂಜಿನ್ ಉರಿಸುವ ಆದೇಶಗಳನ್ನೆಲ್ಲ ಮುಂಚೆಯೇ ನೌಕೆಗೆ ಕಳಿಸಿಡಲಾಗಿತ್ತು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್, ಇಸ್ರೋ ಅಂದು ಹೇಳಿದಂತೆ, ಚಂದ್ರನ ನೆಲದಿಂದ 2.1 ಕಿ.ಮೀ. ಎತ್ತರದವರೆಗೆ ಯೋಜನೆಯಂತೆ ಇಳಿದು, ಆಮೇಲೆ ಸಿಗ್ನಲ್ ನಿಂತಾಗ ಪತ್ರಿಕೆಗಳು ‘ಸಂಪರ್ಕ ಕಡಿತ’ ಎಂದೇ ಬರೆದವು. ಅಲ್ಲಿ ‘ಸಂವಹನ ಕಡಿತ’ ಎಂದಿದ್ದರೆ ತಪ್ಪಾಗುತ್ತಿರಲಿಲ್ಲ, ಆದರೆ ಓದುಗರ ಕಿವಿಗೆ ಹತ್ತುತ್ತಿರಲಿಲ್ಲ. ನಮ್ಮ ಮೆಟ್ರೊದ ಹಳದಿ ಮಾರ್ಗದಲ್ಲಿರುವ ‘ಕಮ್ಯೂನಿಕೇಶನ್ ಆಧಾರಿತ ರೈಲು ನಿಯಂತ್ರಣ’ದಲ್ಲೂ ಅರ್ಥ ಇದೇ: ರೈಲು ತಾನಿರುವ ಜಾಗವನ್ನು ರೇಡಿಯೊ ಮೂಲಕ ಬಿಡದೆ ತಿಳಿಸುತ್ತಿರುತ್ತದೆ. ತಿಳಿಸುವುದು ನಿಂತರೆ ವ್ಯವಸ್ಥೆ ಅದನ್ನು ಅಪಾಯವೆಂದೇ ಎಣಿಸಿ ರೈಲನ್ನು ನಿಲ್ಲಿಸುತ್ತದೆ.

ಕಾನೂನಿನಲ್ಲಿ ‘ಯಾವಾಗ ಮುಗಿಯಿತು’ ಎಂಬುದನ್ನು ಅಕ್ಷರಶಃ ಬರೆದಿಟ್ಟಿದ್ದಾರೆ. 1872ರ ಭಾರತೀಯ ಕರಾರು ಅಧಿನಿಯಮದ 4ನೇ ಕಲಮನ್ನು ನೋಡಿ. ಚಿಕ್ಕಪೇಟೆಯ ಸಗಟು ವ್ಯಾಪಾರಿ ಹುಬ್ಬಳ್ಳಿಯ ಅಂಗಡಿಗೆ ‘ಈ ದರಕ್ಕೆ ಮಾಲು ಕೊಡುತ್ತೇನೆ’ ಎಂದು ಪತ್ರ ಬರೆದರೆಂದುಕೊಳ್ಳಿ. ಆ ಪತ್ರದ ವಿಷಯ ಹುಬ್ಬಳ್ಳಿಯವರ ಅರಿವಿಗೆ ಬಂದಾಗ ಪ್ರಸ್ತಾಪದ ಕಮ್ಯೂನಿಕೇಶನ್ ಪೂರ್ಣ. ಅವರು ‘ಒಪ್ಪಿಗೆ’ ಎಂದು ಬರೆದು ಅಂಚೆಗೆ ಹಾಕಿ, ಪತ್ರ ಅವರ ಕೈಮೀರಿದ ಕ್ಷಣಕ್ಕೆ ಚಿಕ್ಕಪೇಟೆಯವರು ಕಟ್ಟುಬಿದ್ದಂತೆ. ಆದರೆ ಒಪ್ಪಿಗೆ ಬರೆದ ಹುಬ್ಬಳ್ಳಿಯವರು ಕಟ್ಟುಬೀಳುವುದು ಪತ್ರ ಚಿಕ್ಕಪೇಟೆಯವರ ಅರಿವಿಗೆ ಬಂದ ಮೇಲೆ. ಸೋಮವಾರ ಅಂಚೆಗೆ ಹಾಕಿದ ಒಪ್ಪಿಗೆಯನ್ನು, ಬುಧವಾರ ಅದು ತಲುಪುವ ಮೊದಲು, ಮಂಗಳವಾರ ಫೋನ್ ಮಾಡಿ ಹಿಂತೆಗೆದುಕೊಳ್ಳಬಹುದು. ಒಂದೇ ಪತ್ರ ಇಬ್ಬರಿಗೆ ಎರಡು ಬೇರೆ ಗಳಿಗೆಗಳಲ್ಲಿ ‘ಪೂರ್ಣ’ವಾಗುತ್ತದೆ. ಫೋನಿನಲ್ಲೇ ಒಪ್ಪಿಕೊಂಡರೆ ಅಂಚೆಯ ನಿಯಮ ಅನ್ವಯಿಸದು, ಒಪ್ಪಿಗೆಯ ಮಾತು ಕೇಳಿಸಿದ ಜಾಗದಲ್ಲಿ ಕರಾರು ಹುಟ್ಟುತ್ತದೆ ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ.

ಸಂವಿಧಾನದ 22(5)ನೇ ವಿಧಿಗೆ ಬಂದರೆ ಅಳತೆಗೋಲು ಇನ್ನೂ ಕಟ್ಟುನಿಟ್ಟು. ಮುಂಜಾಗ್ರತಾ ಬಂಧನದಲ್ಲಿ ಇಟ್ಟವರಿಗೆ ಬಂಧನದ ಕಾರಣಗಳನ್ನು ‘ಕಮ್ಯೂನಿಕೇಟ್’ ಮಾಡಬೇಕು ಎನ್ನುತ್ತದೆ ಅದು. ಇಂಗ್ಲಿಷ್ ಬಾರದವರ ಕೈಗೆ ಇಂಗ್ಲಿಷ್ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡರೆ ಆ ಕರ್ತವ್ಯ ಮುಗಿದಂತಾಗುವುದೇ? ಹರಿಕಿಸನ್ ಪ್ರಕರಣದಲ್ಲಿ, 1962ರಲ್ಲಿ, ಸುಪ್ರೀಂ ಕೋರ್ಟ್ ಇಲ್ಲ ಎಂದಿತು. ಬಾಯಿಮಾತಿನಲ್ಲಿ ಅನುವಾದಿಸಿ ಹೇಳಿದೆವು ಎಂಬ ಸಮರ್ಥನೆಯೂ ಅಲ್ಲಿ ನಿಲ್ಲಲಿಲ್ಲ. ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ, ಲಿಖಿತವಾಗಿ, ಅವರು ತಮ್ಮ ಪರವಾಗಿ ಮನವಿ ಬರೆಯಲು ಸಾಧ್ಯವಾಗುವಷ್ಟು ಪೂರ್ತಿಯಾಗಿ ತಿಳಿಸಬೇಕು ಎಂಬುದು ನಂತರದ ತೀರ್ಪುಗಳಲ್ಲಿ ಗಟ್ಟಿಯಾಯಿತು. ಈ ಪದಕ್ಕೆ ಸಿಕ್ಕಿರುವ ಅತ್ಯಂತ ಘನವಾದ ಅರ್ಥ ಇದೇ ಎಂದು ನನ್ನ ನಂಬಿಕೆ, ಏಕೆಂದರೆ ಇಲ್ಲಿ ತಿಳಿಸುವವರ ಅನುಕೂಲಕ್ಕೆ ಬೆಲೆಯೇ ಇಲ್ಲ. ಇಲ್ಲಿ ಕನ್ನಡದ ‘ತಿಳಿಸು’ ಅಚ್ಚುಕಟ್ಟಾಗಿ ಕೂರುತ್ತದೆ, ಎದುರಿನವರಿಗೆ ತಿಳಿಯದಿದ್ದರೆ ತಿಳಿಸಿದ ಹಾಗಾಗದು.

ವಾಕ್-ಶ್ರವಣ ಚಿಕಿತ್ಸೆಯವರು ಮಾತು, ಭಾಷೆ, ಸಂವಹನ ಮೂರನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಬಾಯಿಂದ ಹೊರಡುವ ದನಿ ಮಾತು. ಪದ, ವಾಕ್ಯಗಳ ವ್ಯವಸ್ಥೆ ಭಾಷೆ. ಬೇಕಾದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಸಂವಹನ. ಇನ್ನೂ ಒಂದು ಪದವೂ ಆಡದ ಮಗು ಅಮ್ಮನ ಕೈ ಎಳೆದು ಬಿಸ್ಕತ್ ಡಬ್ಬದ ಕಡೆ ಬೊಟ್ಟು ಮಾಡಿ, ತಿರುಗಿ ಅಮ್ಮನ ಮುಖ ನೋಡಿದರೆ ಅದು ಪೂರ್ಣ ಸಂವಹನ. ಟೀವಿ ಜಾಹೀರಾತನ್ನು ಉರು ಹೊಡೆದು ಒಪ್ಪಿಸುತ್ತ, ನೀರು ಬೇಕಾದಾಗ ಕೇಳಲು ಬಾರದ ಮಗುವಿಗೆ ಮಾತಿದೆ, ಸಂವಹನದಲ್ಲಿ ತೊಡಕಿದೆ. ವರ್ಷ ತುಂಬಿ ಕೆಲವು ತಿಂಗಳಾದರೂ ಮಗು ಬೊಟ್ಟು ಮಾಡಿ ತೋರಿಸುತ್ತಿಲ್ಲ, ಹೆಸರು ಕರೆದರೆ ತಿರುಗುತ್ತಿಲ್ಲ ಎಂದಾದರೆ ‘ಗಂಡುಮಕ್ಕಳು ಮಾತು ತಡ’ ಎಂದು ಕಾಯಬಾರದು. ಮೊದಲು ಕಿವಿ ಪರೀಕ್ಷೆ, ಆಮೇಲೆ ವಾಕ್ ತಜ್ಞರ ಭೇಟಿ.

ಕಚೇರಿಗಳಲ್ಲಿ ‘ಇನ್ನೂ ಕಮ್ಯೂನಿಕೇಶನ್ ಬಂದಿಲ್ಲ’ ಅಂದರೆ ಅಧಿಕೃತ ಪತ್ರ ಕೈಸೇರಿಲ್ಲ ಎಂದಷ್ಟೇ. ಕಂಪನಿಗಳ ‘ಕಾರ್ಪೊರೇಟ್ ಕಮ್ಯೂನಿಕೇಶನ್ಸ್’ ನಮ್ಮ ಹಳೆಯ ಸಾರ್ವಜನಿಕ ಸಂಪರ್ಕವೇ.

ಬೆಂಗಳೂರಿನ ಉದ್ಯೋಗ ಜಾಹೀರಾತುಗಳಲ್ಲಿ ಬರುವ ‘ಗುಡ್ ಕಮ್ಯೂನಿಕೇಶನ್ ಸ್ಕಿಲ್ಸ್’ ಮಾತ್ರ ಪದವನ್ನು ಬಲು ಕಿರಿದು ಮಾಡಿದೆ. ಅಲ್ಲಿ ಅದಕ್ಕೆ ಸಾಮಾನ್ಯವಾಗಿ ಇರುವ ಅರ್ಥ ‘ಇಂಗ್ಲಿಷ್ ಸರಾಗವಾಗಿ ಬರಬೇಕು’ ಎಂದು. ಗದಗದಿಂದಲೋ ಚಾಮರಾಜನಗರದಿಂದಲೋ ಬಂದ ಹುಡುಗಿ, ನಾಲ್ಕು ಜನಕ್ಕೆ ಕೆಲಸ ಹಂಚಿ, ಸಿಟ್ಟಾದ ಗ್ರಾಹಕರನ್ನು ಸಮಾಧಾನ ಮಾಡಬಲ್ಲವಳು, ‘ನನಗೆ ಕಮ್ಯೂನಿಕೇಶನ್ ವೀಕು’ ಎಂದು ತನ್ನ ಬಾಯಿಂದಲೇ ಹೇಳುವ ಸ್ಥಿತಿ ಬಂದಿರುವುದು ಇದರಿಂದ. ಕೆಲಸಕ್ಕೆ ಇಂಗ್ಲಿಷ್ ಬೇಕಿದ್ದರೆ ‘ಇಂಗ್ಲಿಷಿನಲ್ಲಿ ಇಮೇಲ್ ಬರೆಯಲು, ಫೋನಿನಲ್ಲಿ ಮಾತಾಡಲು ಬರಬೇಕು’ ಎಂದೇ ಬರೆಯಲಿ. ಗ್ರಾಹಕರ ದೂರು ಕೇಳಿ, ತನ್ನ ಮಾತಿನಲ್ಲಿ ತಿರುಗಿ ಹೇಳಿ, ಸರಿಯಾಗಿ ದಾಖಲಿಸುವುದು ಬೇಕಿದ್ದರೆ ಅದನ್ನು ಬರೆಯಲಿ. ಸಂದರ್ಶನದಲ್ಲಿ ಪರೀಕ್ಷಿಸುವುದೂ ಸುಲಭ: ಒಂದು ದೂರನ್ನು ಓದಿ ಹೇಳಿ, ಅಭ್ಯರ್ಥಿ ಅದನ್ನು ತನಗೆ ಬರುವ ಭಾಷೆಯಲ್ಲಿ ಮೂರನೆಯವರಿಗೆ ದಾಟಿಸಲಿ, ಆ ಮೂರನೆಯವರು ತಾವು ತಿಳಿದುಕೊಂಡದ್ದನ್ನು ಬರೆಯಲಿ. ಮೂಲ ದೂರಿನ ಹೆಸರು, ದಿನಾಂಕ, ಮೊತ್ತ, ಕೇಳಿದ ಪರಿಹಾರ ಇಷ್ಟೂ ಆ ಬರಹದಲ್ಲಿ ಉಳಿದಿವೆಯೇ ಎಂದು ನೋಡಿದರೆ ಅಂಕ ಹಾಕಬಹುದು.