ಬೆನ್ನೊಳಗೊಂದು ಒಡೆದ ಹೋಳಿಗೆ

ಕನ್ನಡದಲ್ಲಿ ‘ನರ’ ಅನ್ನೋ ಒಂದೇ ಪದಕ್ಕೆ ಮೂರು ಕೆಲಸ. ರಕ್ತ ತೆಗೆಯುವಾಗ ಸೂಜಿ ಚುಚ್ಚುವುದು ನರಕ್ಕೆ. ಮೊಣಕಾಲಿನ ಹಿಂದೆ ಹಗ್ಗದ ಹಾಗೆ ಬಿಗಿದುಕೊಳ್ಳುವುದೂ ನರ. ಮೆದುಳಿಗೂ ಕಾಲಿಗೂ ನಡುವೆ ಸುದ್ದಿ ಸಾಗಿಸುವುದೂ ನರವೇ. ಮೊದಲನೆಯದು ರಕ್ತನಾಳ, ಎರಡನೆಯದು ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ, ಮೂರನೆಯದು ಮಾತ್ರ ನಿಜವಾದ ನರ. ಮೂರನ್ನೂ ಒಂದೇ ಹೆಸರಲ್ಲಿ ಕರೆದಿದ್ದರಿಂದ ‘ನರದ ಮೇಲೆ ನರ ಹತ್ತಿದೆ, ಎಳೆದು ಬಿಡಿಸಬೇಕು’ ಅನ್ನುವ ಮಾತು ನಮಗೆ ಸಹಜವಾಗಿ ಕೇಳಿಸುತ್ತದೆ.

ಅಮ್ಮನಿಗೆ 67ನೇ ವಯಸ್ಸಿನಲ್ಲಿ ಸಯಾಟಿಕಾ ಬಂದಾಗ ಮನೆಗೆ ಬಂದವರೆಲ್ಲ ಇದನ್ನೇ ಹೇಳಿದರು. ನೋವು ಸೊಂಟದಲ್ಲಿ ಹೊರಟು, ಕುಂಡಿಯಿಂದ ಇಳಿದು, ತೊಡೆಯ ಹಿಂಭಾಗ, ಮೀನಖಂಡ ದಾಟಿ ಪಾದದವರೆಗೆ ಹೋಗುತ್ತಿತ್ತು. ‘ಕಾದ ತಂತಿ ಎಳೆದ ಹಾಗೆ ಆಗುತ್ತೆ ಕಣೋ’ ಅನ್ನುತ್ತಿದ್ದಳು. ಕೆಮ್ಮಿದರೂ ಸೀನಿದರೂ ಕಣ್ಣಲ್ಲಿ ನೀರು. ನರ ಬಿಡಿಸುತ್ತೇನೆ ಅಂತ ಬಂದವರೊಬ್ಬರು ಕಾಲು ಹಿಡಿದು ಜಗ್ಗಿದರು. ಆ ರಾತ್ರಿ ಅಮ್ಮ ಮಲಗಲಾಗದೆ, ಅಡುಗೆಮನೆ ಕಟ್ಟೆಗೆ ಒರಗಿ ನಿಂತೇ ಬೆಳಗು ಮಾಡಿದಳು. ನನಗೆ ಸಿಟ್ಟು ಬಂದಿದ್ದು ಆ ಮನುಷ್ಯನ ಮೇಲಲ್ಲ, ಅವನ ತಲೆಯಲ್ಲೂ ನಮ್ಮೆಲ್ಲರ ತಲೆಯಲ್ಲೂ ಕೂತಿರುವ ತಪ್ಪು ಚಿತ್ರದ ಮೇಲೆ.

ಸರಿಯಾದ ಚಿತ್ರ ಬೇಕಾದರೆ ಹೋಳಿಗೆ ನೆನಪಿಸಿಕೊಳ್ಳಿ. ಬೆನ್ನುಮೂಳೆಯ ಎರಡು ಮಣಿಗಳ ನಡುವೆ ಇರುವ ಮೆತ್ತೆ, ಅಂದರೆ ಡಿಸ್ಕ್, ಒಂದು ಹೋಳಿಗೆ. ಹೊರಗೆ ಗಟ್ಟಿ ನಾರಿನ ಕಣಕ, ಒಳಗೆ ಮೆತ್ತನೆಯ ಹೂರಣ. ವಯಸ್ಸಾದಂತೆ ಕಣಕ ಅಲ್ಲಲ್ಲಿ ಸೀಳುತ್ತದೆ. ಒಂದು ದಿನ ಬಿಂದಿಗೆ ಎತ್ತುವಾಗಲೋ, ಸುಮ್ನೆ ಬಗ್ಗಿದಾಗಲೋ, ಸೀಳಿನಿಂದ ಹೂರಣ ಹೊರಗೆ ಇಣುಕುತ್ತದೆ. ಡಿಸ್ಕ್ ‘ಸ್ಲಿಪ್’ ಆಗಿ ಜಾರುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ, ಒಳಗಿನದು ಹೊರಬರುತ್ತದೆ, ಅಷ್ಟೇ. ಹೆಚ್ಚಿನ ಸಲ ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲಿ ಹೀಗಾಗುತ್ತದೆ. ಮೈಯಲ್ಲೇ ಅತಿ ದಪ್ಪನೆಯದಾದ ಸಯಾಟಿಕ್ ನರದ ಬೇರುಗಳು ಹೊರಡುವುದೂ ಅಲ್ಲಿಂದಲೇ.

ಹಾಗಾದರೆ ಹೂರಣ ನರವನ್ನು ಒತ್ತಿದ್ದಕ್ಕೆ ನೋವು, ಅಲ್ವಾ? ವೈದ್ಯರೂ ಬಹಳ ಕಾಲ ಹಾಗೇ ನಂಬಿದ್ದರು. 1934ರಲ್ಲಿ ಬೋಸ್ಟನ್ನಿನ ವಿಲಿಯಂ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್, ಒಡೆದ ಡಿಸ್ಕಿಗೂ ಸಯಾಟಿಕಾಕ್ಕೂ ನಂಟಿದೆ ಎಂದು ತೋರಿಸಿದ ಮೇಲೆ ಒತ್ತಡದ ಮಾತೇ ಮಾತಾಯಿತು. ಆದರೆ 1991ರಲ್ಲಿ ಅಮೆರಿಕದ ಸ್ಟೀಫನ್ ಕುಸ್ಲಿಚ್ ತಂಡ ಒಂದು ವಿಷಯ ವರದಿ ಮಾಡಿತು. ಅವರು 193 ಜನರಿಗೆ ಪೂರ್ತಿ ಎಚ್ಚರ ತಪ್ಪಿಸದೆ, ಬೆನ್ನಿನ ಭಾಗ ಮಾತ್ರ ಮರಗಟ್ಟಿಸಿ ಆಪರೇಷನ್ ಮಾಡಿದ್ದರು. ಆಪರೇಷನ್ ನಡೆಯುತ್ತಿದ್ದಾಗಲೇ ಬೇರೆ ಬೇರೆ ಭಾಗ ಮುಟ್ಟಿ ‘ನೋಯುತ್ತಾ?’ ಅಂತ ಕೇಳಿದರು. ಆರೋಗ್ಯವಾಗಿದ್ದ ನರದ ಬೇರನ್ನು ಒತ್ತಿದರೆ ಕಾಲಿಗೆ ಆ ನೋವು ಬರಲಿಲ್ಲ. ಊದಿಕೊಂಡು ಕೆಂಪಾಗಿದ್ದ ಬೇರನ್ನು ಮುಟ್ಟಿದರೆ ಅದೇ ಹಳೆಯ ನೋವು! ಅಂಗೈಗೆ ಮೆಣಸಿನಪುಡಿ ಸವರಿಕೊಂಡರೆ ಏನೂ ಆಗದು. ಅದೇ ಪುಡಿ ತರಚಿದ ಗಾಯದ ಮೇಲೆ ಬಿದ್ದರೆ?

ಎರಡು ವರ್ಷದ ನಂತರ ಸ್ವೀಡನ್ನಿನ ಓಲ್ಮಾರ್ಕರ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಂದಿಯ ಡಿಸ್ಕಿನ ಹೂರಣವನ್ನು ಅದರದೇ ನರದ ಬೇರುಗಳ ಮೇಲೆ ಇಟ್ಟರು. ಒತ್ತಲಿಲ್ಲ, ಬರೀ ಇಟ್ಟರು. ನರದಲ್ಲಿ ಸುದ್ದಿ ಸಾಗುವ ವೇಗ ಕುಗ್ಗಿತು. ಆ ಮೆತ್ತನೆಯ ವಸ್ತುವೇ ನರವನ್ನು ಕೆರಳಿಸುತ್ತದೆ!

ಯಾಕೆ ಕೆರಳಿಸುತ್ತದೆ ಅನ್ನುವುದು ನನಗೆ ಇಡೀ ಕಥೆಯಲ್ಲೇ ತುಂಬಾ ಇಷ್ಟವಾದ ಭಾಗ. ಬೆಳೆದ ಡಿಸ್ಕಿನ ಒಳಗೆ ರಕ್ತನಾಳಗಳೇ ಇಲ್ಲ. ಆದ್ದರಿಂದ ನಮ್ಮ ಬಿಳಿ ರಕ್ತಕಣಗಳು ಆ ಹೂರಣದ ಮುಖ ನೋಡಿಯೇ ಇರುವುದಿಲ್ಲ. ಹುಟ್ಟಿನಿಂದ ಅಟ್ಟದಲ್ಲೇ ಬೆಳೆದವನು ಒಂದು ದಿನ ಬೀದಿಗೆ ಇಳಿದರೆ ಊರ ನಾಯಿಗಳೆಲ್ಲ ಬೊಗಳುತ್ತವಲ್ಲ, ಹಾಗೆ. ರಕ್ತಕಣಗಳು ಮುತ್ತಿಕೊಂಡು ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತವೆ. ಪಕ್ಕದಲ್ಲೇ ಇರುವ ನರ ಆ ಉರಿಯಲ್ಲಿ ಬೇಯುತ್ತದೆ.

ಆದರೆ ಬೊಗಳುವ ಈ ನಾಯಿಗಳೇ ಇರುವೆಗಳೂ ಹೌದು. ನೆಲಕ್ಕೆ ಬಿದ್ದ ಬೆಲ್ಲವನ್ನು ಇರುವೆಗಳು ಚೂರು ಚೂರಾಗಿ ಹೊತ್ತುಕೊಂಡು ಹೋದಂತೆ, ರಕ್ತಕಣಗಳು ಹೊರಬಂದ ಹೂರಣವನ್ನು ವಾರಗಟ್ಟಲೆ ತಿಂದು ಖಾಲಿ ಮಾಡುತ್ತವೆ. ಪೂರ್ತಿ ತುಂಡಾಗಿ ಹೊರಬಿದ್ದ ದೊಡ್ಡ ಚೂರು, ಸ್ವಲ್ಪವೇ ಉಬ್ಬಿದ ಡಿಸ್ಕಿಗಿಂತ ಚೆನ್ನಾಗಿ ಕರಗುತ್ತದೆ. ಅದು ರಕ್ತದ ಕೈಗೆ ಸುಲಭವಾಗಿ ಸಿಗುತ್ತದೆ ನೋಡಿ. ಸ್ಕ್ಯಾನ್‌ನಲ್ಲಿ ಕಂಡ ಭಯಂಕರ ಚಿತ್ರ ಎಷ್ಟೋ ಸಲ ಬೇಗ ಮಾಯವಾಗುವ ಚಿತ್ರ.

1764ರಲ್ಲೇ ನೇಪಲ್ಸ್‌ನ ದೊಮೆನಿಕೊ ಕೊತುನ್ಯೊ ಈ ದಾರಿಯಲ್ಲಿ ಯೋಚಿಸಿದ್ದ. ವಯಸ್ಸು 28. ಸೊಂಟದ ಕೀಲುನೋವು ಬೇರೆ, ಈ ನರದ ನೋವು ಬೇರೆ ಎಂದು ಬಿಡಿಸಿ ಹೇಳಿದವನು ಅವನು. ನರದ ಪೊರೆಯಲ್ಲಿ ಕಟುವಾದ ದ್ರವ ಸೇರಿ ನರವನ್ನು ಕೆರಳಿಸುತ್ತದೆ ಎಂದು ಊಹಿಸಿದ್ದ. ಡಿಸ್ಕಿನ ವಿಚಾರ ಅವನಿಗೆ ಗೊತ್ತಿರಲಿಲ್ಲ. ಆದರೂ ‘ಕೆರಳಿಕೆ’ ಅನ್ನುವ ಪದ ಸರಿಯಾದ ಜಾಗಕ್ಕೇ ಬಿದ್ದಿತ್ತು. ನಮ್ಮ ಆಯುರ್ವೇದದಲ್ಲಿ ಇದರ ಹೆಸರು ಗೃಧ್ರಸಿ. ಗೃಧ್ರ ಅಂದರೆ ರಣಹದ್ದು, ರೋಗಿ ಅದರ ಹಾಗೆ ಕುಂಟುತ್ತಾನೆ ಅಂತ. ನೋಡಿದ್ದನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾರೆ! ಚಿಕಿತ್ಸೆಯ ವಿಷಯಕ್ಕೆ ಬಂದರೆ, ಬರೆ ಹಾಕಿಸುವುದನ್ನು ಇನ್ನಾದರೂ ಬಿಡಬೇಕು. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಆ ಸುಟ್ಟ ಗಾಯ ಮಾಯದೆ ಕೀವಾದರೆ ಕಾಲಿಗೇ ಕುತ್ತು.

ಉರಿಯುತ್ತಿರುವ ನರವನ್ನು ಜಗ್ಗಬಾರದು ಅನ್ನುವುದು ಈಗ ಗೊತ್ತಾಯಿತು. ಹಾಗಂತ ಮಲಗಿಯೇ ಇರುವುದೂ ಬೇಡ. 1999ರಲ್ಲಿ ನೆದರ್ಲೆಂಡ್ಸಿನಲ್ಲಿ 183 ಸಯಾಟಿಕಾ ರೋಗಿಗಳಲ್ಲಿ ಕೆಲವರನ್ನು ಎರಡು ವಾರ ಹಾಸಿಗೆಯಲ್ಲಿ ಇರಿಸಿದರು, ಉಳಿದವರನ್ನು ಓಡಾಡಲು ಬಿಟ್ಟರು. ಮಲಗಿದವರಿಗೆ ಯಾವ ಲಾಭವೂ ಆಗಲಿಲ್ಲ. 12 ವಾರಕ್ಕೆ ಎರಡೂ ಗುಂಪಿನಲ್ಲಿ 87% ಜನ ಸುಧಾರಿಸಿದ್ದರು. ವಯಸ್ಸಾದವರು ಮಲಗಿದರೆ ತೊಡೆಯ ಸ್ನಾಯು ಬೇಗ ಕರಗುತ್ತದೆ. ಆಮೇಲೆ ನೋವು ಹೋದರೂ ಕಾಲು ನಿಲ್ಲುವುದಿಲ್ಲ.

ನಾವು ಮಾಡಿದ್ದು ಸಣ್ಣಪುಟ್ಟ ಕೆಲಸಗಳು. ದಿನಕ್ಕೆ ಆರೇಳು ಸಲ, ಐದೈದು ನಿಮಿಷ ಅಂಗಳದಲ್ಲಿ ನಡಿಗೆ. ಮಗ್ಗುಲಾಗಿ ಮಲಗಿದಾಗ ಮಂಡಿಗಳ ನಡುವೆ ದಿಂಬು. ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈಯೂರಿ ಏಳುವುದು. ಬಿಸಿನೀರಿನ ಶಾಖ. ಫಿಸಿಯೋಥೆರಪಿಯವರು ಹೇಳಿಕೊಟ್ಟ ನಿಧಾನದ ವ್ಯಾಯಾಮ. ನೋವಿನ ಮಾತ್ರೆಗಳನ್ನು ಮಾತ್ರ ಮೆಡಿಕಲ್ ಶಾಪಿನಿಂದ ನಾವೇ ತರಲಿಲ್ಲ. ಬಿಪಿ ಮಾತ್ರೆ ನುಂಗುವ ಹಿರಿಯರಲ್ಲಿ ಅವು ಕಿಡ್ನಿಗೂ ಹೊಟ್ಟೆಗೂ ಕೆಡುಕು ಮಾಡಬಹುದು. ನರದ ನೋವಿಗೆ ಧಾರಾಳವಾಗಿ ಕೊಡುವ ಪ್ರಿಗ್ಯಾಬಲಿನ್ ಕೂಡ, 2017ರ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ಸಯಾಟಿಕಾಕ್ಕೆ ಔಷಧವೇ ಇಲ್ಲದ ಸಪ್ಪೆ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ತಲೆಸುತ್ತು ಮಾತ್ರ ಜಾಸ್ತಿ ಆಯಿತು. ತಲೆ ಸುತ್ತಿ ಬಿದ್ದು ಸೊಂಟ ಮುರಿದರೆ ಗತಿ ಏನು?

70 ದಾಟಿದವರಲ್ಲಿ ಬೇರೆ ಕಾರಣವೂ ಸಾಮಾನ್ಯ. ಬೋರ್‌ವೆಲ್ ನೀರಿನ ಪೈಪಿನಲ್ಲಿ ಉಪ್ಪು ಕಟ್ಟಿದ ಹಾಗೆ, ಬೆನ್ನುಮೂಳೆಯೊಳಗೆ ನರಗಳು ಸಾಗುವ ನಾಳ ಒಳಗಿಂದಲೇ ಕಿರಿದಾಗುತ್ತದೆ. ಇಲ್ಲಿ ಇಕ್ಕಟ್ಟು ನಿಜವಾದದ್ದೇ. ನಡೆದರೆ ಕಾಲು ಭಾರ, ಜೋಮು. ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಆರಾಮ, ಏಕೆಂದರೆ ಬಾಗಿದಾಗ ನಾಳ ಸ್ವಲ್ಪ ಅಗಲವಾಗುತ್ತದೆ. ನೂರು ಹೆಜ್ಜೆ ನಡೆಯಲಾರದ ಅಜ್ಜ ಸೈಕಲ್ ಮೇಲೆ ಬಗ್ಗಿ ಕೂತು ಸಲೀಸಾಗಿ ಪೇಟೆಗೆ ಹೋಗಿಬರುವುದು ಇದರಿಂದಲೇ. ಸುಮ್ನೆ ನಿಂತರೇ ನೋವು ಇಳಿಯುವುದಾದರೆ ಅದು ಕಾಲಿನ ರಕ್ತನಾಳದ ತೊಂದರೆ ಇರಬಹುದು, ಬೀಡಿ ಸಿಗರೇಟು ಸೇದಿದವರಲ್ಲಿ ವಿಶೇಷವಾಗಿ. ಡಾಕ್ಟರಿಗೆ ಈ ವ್ಯತ್ಯಾಸ ಹೇಳಿ. ಸ್ಕ್ಯಾನ್ ಒಂದನ್ನೇ ನಂಬಿ ಕೂರಬೇಡಿ. ಯಾವ ನೋವೂ ಇಲ್ಲದ 80ರ ಹಿರಿಯರಲ್ಲೂ 84% ಜನರ ಡಿಸ್ಕ್ ಉಬ್ಬಿರುತ್ತದೆ ಎಂದು 2015ರ ಒಂದು ದೊಡ್ಡ ಪರಿಶೀಲನೆ ಲೆಕ್ಕ ಹಾಕಿದೆ.

ಕಾಯಬಾರದ ಸಂದರ್ಭಗಳೂ ಇವೆ. ಮೂತ್ರ ಕಟ್ಟಿದರೆ, ಮಲಮೂತ್ರ ತಡೆಯಲಾಗದಿದ್ದರೆ, ತೊಡೆಸಂದಿಯಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು. ಪಾದ ಮೇಲೆತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ, ಜ್ವರವಿದ್ದರೆ, ಬಿದ್ದ ಮೇಲೆ ಶುರುವಾದ ನೋವಾದರೆ ಅದೇ ದಿನ ತೋರಿಸಬೇಕು. ಆಪರೇಷನ್ ಅಂದರೆ ಹೆದರಬೇಕಿಲ್ಲ. ತಿಂಗಳುಗಟ್ಟಲೆ ಬಿಡದ ನೋವಿಗೆ ಅದು ಬೇಗ ಆರಾಮ ಕೊಡುತ್ತದೆ.

ಅಮ್ಮನಿಗೆ ಎಂಟನೇ ವಾರದ ಹೊತ್ತಿಗೆ ನೋವು ಪಾದದಿಂದ ಮೀನಖಂಡಕ್ಕೆ, ಆಮೇಲೆ ತೊಡೆಗೆ ಏರಿತು. ನೋವು ಹೀಗೆ ಸೊಂಟದ ಕಡೆಗೆ ಹಿಂದೆ ಸರಿಯುವುದು ಒಳ್ಳೆಯ ಲಕ್ಷಣ. ಈಗಲೂ ಒಲೆಯ ಮುಂದೆ ನಿಂತು ಚಪಾತಿ ಲಟ್ಟಿಸುವಾಗ ಒಂದು ಕಾಲನ್ನು ಮಣೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಸೊಂಟದ ಬಾಗು ಕಡಿಮೆಯಾಗಿ ಹಾಯೆನಿಸುತ್ತದಂತೆ. ಹತ್ತು ಚಪಾತಿಗೊಮ್ಮೆ ಕಾಲು ಬದಲಾಯಿಸುತ್ತಾಳೆ.